ಕಾರ್ ಸ್ಟೀರಿಯೋ ಪ್ರಶ್ನೋತ್ತರ: ವ್ಯಾಟ್ ಆಮೇಲೆ, ಮೊದಲು ಫ್ಯೂಸ್ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಬ್‌ವೂಫರ್ (ಬರೀ ಬೇಸ್, ಅಂದರೆ ಗುಂ ಸದ್ದು ಕೊಡುವ ದೊಡ್ಡ ಸ್ಪೀಕರ್) ಬಗ್ಗೆಯೇ ಇವೆ. ಯಾವ ಸಬ್‌ಗೆ ಯಾವ ಆಂಪ್ (ಸಿಗ್ನಲ್‌ಗೆ ಬಲ ತುಂಬಿ ಸ್ಪೀಕರಿಗೆ ಕೊಡುವ ಆಂಪ್ಲಿಫಯರ್), ಎಷ್ಟು ವ್ಯಾಟ್, ಎಷ್ಟು ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) ಅಂತ. ಪತ್ರಗಳಲ್ಲಿ ಬರುವ ಆರ್‌ಎಂಎಸ್ ಅಂದರೆ ಒಂದೇ ಸಮ ಕೊಡಬಲ್ಲ ಅಥವಾ ತಡೆಯಬಲ್ಲ ವ್ಯಾಟ್. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಈ ಸಲ ಇದೊಂದನ್ನೇ ಹಿಡಿದಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು 1996ರಲ್ಲಿ, ಬೆಂಗಳೂರು ಜೆ.ಸಿ. ರಸ್ತೆಯ ಒಂದು ಅಂಗಡಿಗೆ. ಮಾರುತಿ 800ರ ಹಿಂದಿನ ಟ್ರೇ ಕೊರೆದು ಎರಡು ಓವಲ್ ಸ್ಪೀಕರ್ ಕೂರಿಸಿದರೆ ಆಗ ಅದೇ ದೊಡ್ಡ ಫಿಟ್ಟಿಂಗ್. ಈಗ ಹಾಸನದಲ್ಲಿ ನನ್ನದೇ ಸಣ್ಣ ಅಂಗಡಿ ಇದೆ. ಸುಟ್ಟ ಸಬ್ ಹಿಡಿದುಕೊಂಡು ಬರುವವರು ಆಗಾಗ ಇರುತ್ತಾರೆ. ಹೆಚ್ಚಿನವರು ಹುಡುಗರು, ಎರಡು ಮೂರು ತಿಂಗಳ ದುಡ್ಡು ಉಳಿಸಿ ತಗೊಂಡವರು. ಅವರನ್ನು ನೋಡಿದಾಗ ನಿಜವಾಗಿ ಬೇಜಾರಾಗುತ್ತದೆ. ಯಾಕೆಂದರೆ ಆ ಸಬ್ ಸುಡಬೇಕಾಗಿರಲಿಲ್ಲ.

ದಾವಣಗೆರೆಯಿಂದ ಒಬ್ಬ ಓದುಗರು:
ಸರ್, ಹಳೇ ಸ್ವಿಫ್ಟ್ ತಗೊಂಡು ಡಿಕ್ಕಿಯಲ್ಲಿ 12 ಇಂಚಿನ ಸಬ್ ಹಾಕಿಸಿದೆ. ಸಬ್ 300 ವ್ಯಾಟ್ ಆರ್‌ಎಂಎಸ್, 4 ಓಮ್. ಆಂಪ್ ಎರಡು ಚಾನೆಲ್‌ದು, ಮೇಲೆ 2000 ವ್ಯಾಟ್ ಅಂತ ಬರೆದಿದೆ. ಎರಡೂ ಚಾನೆಲ್ (ಸ್ಪೀಕರಿಗೆ ಹೋಗುವ ದಾರಿ) ಸೇರಿಸಿ ಒಂದೇ ಸಬ್‌ಗೆ ಕೊಟ್ಟಿದ್ದಾರೆ, ಅದಕ್ಕೆ ಬ್ರಿಜ್ ಅಂತಾರೆ. ಎರಡು ತಿಂಗಳಿಗೆ ಸುಟ್ಟ ವಾಸನೆ ಬಂತು, ಸಬ್ ನಿಂತುಹೋಯಿತು. "ಆಂಪ್ ದೊಡ್ಡದಾಯಿತು, ಸಬ್ ತಡೀಲಿಲ್ಲ, ಇನ್ನೂ ದೊಡ್ಡ ಸಬ್ ಹಾಕಿಸಿ" ಅಂತಾರೆ ಅಂಗಡಿಯವರು. ಹಾಕಿಸಲಾ? ಆಂಪ್‌ನ ಫೋಟೋ ಕಳಿಸಿದ್ದೇನೆ.

ಉತ್ತರ: ಹಾಕಿಸಬೇಡಿ. ನಿಮ್ಮ ಆಂಪ್ ದೊಡ್ಡದಲ್ಲ, ಸಬ್‌ಗಿಂತ ಚಿಕ್ಕದು.

ಫೋಟೋದಲ್ಲಿ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ವೈರ್ ಸೇರುವ ಜಾಗದ ಪಕ್ಕ ಹಸಿರು ಬಣ್ಣದ ಒಂದೇ ಒಂದು ಫ್ಯೂಸ್ ಇದೆ, ಮೇಲೆ 30 ಅಂತ ಇದೆ. ಅಂದರೆ 30 ಆಂಪಿಯರ್. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8 ವೋಲ್ಟ್ ಇರುತ್ತದೆ. 30 ಅನ್ನು 13.8ರಿಂದ ಗುಣಿಸಿ: 414 ವ್ಯಾಟ್. ಇದು ಆಂಪ್ ಬ್ಯಾಟರಿಯಿಂದ ಎಳೆದುಕೊಳ್ಳುವ ಪವರ್, ಸ್ಪೀಕರಿಗೆ ಕೊಡುವುದಲ್ಲ. ನಿಮ್ಮದು ಕ್ಲಾಸ್ ಎ-ಬಿ ಆಂಪ್. ಈ ಜಾತಿಯ ಆಂಪ್‌ಗಳಲ್ಲಿ ಎಳೆದುಕೊಂಡದ್ದರಲ್ಲಿ ಅರ್ಧ, ಒಳ್ಳೆಯದಾದರೆ 60 ಪರ್ಸೆಂಟ್ ಹೊರಗೆ ಬರುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. 414ರ 60 ಪರ್ಸೆಂಟ್ ಹತ್ತಿರ ಹತ್ತಿರ 250. ಅಷ್ಟೇ ನಿಮ್ಮ 2000 ವ್ಯಾಟ್. ಆ ದೊಡ್ಡ ನಂಬರ್ ಡಬ್ಬದ ಮೇಲಿನ ಅಲಂಕಾರ, ಅದನ್ನು ಲೆಕ್ಕಕ್ಕೇ ತಗೋಬೇಡಿ. ಆಂಪ್ ಕೊಳ್ಳುವಾಗ ಆರ್‌ಎಂಎಸ್ ಎಷ್ಟು, ಎಷ್ಟು ಓಮ್‌ನಲ್ಲಿ, ಎಷ್ಟು ವೋಲ್ಟ್‌ನಲ್ಲಿ ಎಂದು ಮೂರೂ ಕೇಳಿ. ಸಿಟಿಎ-2006 ಎಂಬ ಅಮೆರಿಕದ ಮಾನದಂಡ ಒಂದಿದೆ. ಅದರಲ್ಲಿ 14.4 ವೋಲ್ಟ್, 4 ಓಮ್, ದನಿ ಒಂದು ಪರ್ಸೆಂಟ್‌ಗಿಂತ ಹೆಚ್ಚು ಕೆಡದಂತೆ (ಡಿಸ್ಟಾರ್ಷನ್) ಅಳೆದ ವ್ಯಾಟ್ ಹೇಳಬೇಕು. ಆ ಗುರುತು ಇದ್ದರೆ ನಂಬರನ್ನು ನಂಬಬಹುದು.

ಹಾಗಾದರೆ ಚಿಕ್ಕ ಆಂಪ್ ದೊಡ್ಡ ಸಬ್ಬನ್ನು ಹೇಗೆ ಸುಟ್ಟಿತು? ಇದೇ ಎಲ್ಲರಿಗೂ ಅರ್ಥವಾಗದೆ ಉಳಿದಿರುವ ವಿಷಯ.

ಆಂಪ್‌ಗೆ ಒಂದು ಮಿತಿ ಇರುತ್ತದೆ. ಅಲ್ಲಿವರೆಗೆ ಹಾಡಿನ ಅಲೆ ದುಂಡಗೆ ಬರುತ್ತದೆ. ಆಂಪ್ ಮೇಲಿನ ಗೇನ್ ಎಂಬ ತಿರುಪು ತಿರುಗಿಸಿ ಅದಕ್ಕಿಂತ ಮೇಲೆ ಕೇಳಿದರೆ ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತದೆ. ಇದನ್ನೇ ಕ್ಲಿಪ್ಪಿಂಗ್ ಅನ್ನುವುದು. ಪೂರ್ತಿ ಚೌಕವಾದ ಅಲೆಯಲ್ಲಿ ಅದೇ ಎತ್ತರದ ದುಂಡು ಅಲೆಗಿಂತ ಎರಡು ಪಟ್ಟು ಪವರ್ ಇರುತ್ತದೆ. ನಿಮ್ಮ 250 ವ್ಯಾಟ್ ಆಂಪ್ 400, 450ರವರೆಗೂ ತಳ್ಳಬಲ್ಲದು, ಅದೂ ಕೆಟ್ಟ ಪವರ್. ಇನ್ನೊಂದು ಮಾತು. ಒಳ್ಳೆ ಹಾಡಿನಲ್ಲಿ ಏರಿಳಿತ ಇರುತ್ತದೆ. ಡ್ರಮ್ ಏಟು ಬಿದ್ದಾಗ ಮಾತ್ರ ಪೂರ್ತಿ ಪವರ್, ಮಧ್ಯದಲ್ಲಿ ಕಾಯಿಲ್ (ಸಬ್ ಒಳಗಿನ ತಂತಿ ಸುರುಳಿ) ತಣ್ಣಗಾಗಲು ಬಿಡುವು. ಕ್ಲಿಪ್ ಆದ ಹಾಡಿಗೆ ಆ ಬಿಡುವೇ ಇಲ್ಲ. ಕಾಯಿಲ್ ಬಿಸಿಯಾಗುತ್ತಲೇ ಹೋಗುತ್ತದೆ. ಅದರ ಮೇಲಿನ ವಾರ್ನಿಷ್ ಬೆಂದ ವಾಸನೆಯೇ ನಿಮಗೆ ಬಂದದ್ದು.

ನಿಮ್ಮ ಫೋಟೋದಲ್ಲಿ ಗೇನ್ ಪೂರ್ತಿ ಬಲಕ್ಕಿದೆ. ಬೇಸ್ ಹೆಚ್ಚಿಸುವ ಬೇಸ್ ಬೂಸ್ಟ್ ನಾಬ್ ಕೂಡ 12 ಡಿಬಿಗೆ (ಡೆಸಿಬೆಲ್, ಸದ್ದಿನ ಅಳತೆ) ಏರಿಸಿದೆ. 12 ಡಿಬಿ ಅಂದರೆ ಆ ಜಾಗದ ಬೇಸಿಗೆ 16 ಪಟ್ಟು ಪವರ್ ಕೇಳಿದ ಹಾಗೆ. 250 ವ್ಯಾಟ್ ಆಂಪ್ ಎಲ್ಲಿಂದ ತರಬೇಕು? ದಯವಿಟ್ಟು ಆ ನಾಬನ್ನು ಸೊನ್ನೆಯಲ್ಲೇ ಇಡಿ. ನನ್ನ ಅಂಗಡಿಯಿಂದ ಹೊರಡುವ ಯಾವ ಕಾರಿನಲ್ಲೂ ನಾನು ಅದನ್ನು ಮುಟ್ಟುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಗ್ರಾಹಕರು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎಂದರು. ನಾನು ಗೇನ್ ತಿರುಗಿಸುತ್ತಾ ಹೋದೆ. ಹತ್ತು ದಿನಕ್ಕೆ ಅವರ ಸಬ್ ಹೋಯಿತು. ಹೊಸದನ್ನು ನಾನೇ ಕೊಡಿಸಿದೆ, ಆ ತಿಂಗಳ ಸಂಬಳ ಪೂರ್ತಿ ಅದಕ್ಕೇ ಹೋಯಿತು. ಗೇನ್ ಅಂದರೆ ವಾಲ್ಯೂಮ್ ಅಲ್ಲ. ಸ್ಟೀರಿಯೋದಿಂದ ಬರುವ ಸಿಗ್ನಲ್‌ಗೆ ಆಂಪ್ ಹೊಂದಿಕೊಳ್ಳಲಿ ಅಂತ ಕೊಟ್ಟ ತಿರುಪು ಅದು.

ಅದನ್ನು ಸರಿಯಾಗಿ ಇಡಲು ನಾನೂರು ಐನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಸಬ್‌ನ ವೈರ್ ಬಿಚ್ಚಿ. ಬೇಸ್, ಟ್ರೆಬಲ್, ಈಕ್ವಲೈಜರ್ ಎಲ್ಲ ಸೊನ್ನೆ ಮಾಡಿ. ಎಂಜಿನ್ ಚಾಲೂ ಮಾಡಿ. 50 ಹರ್ಟ್ಸ್ ಟೆಸ್ಟ್ ಟೋನ್ ಹಾಕಿ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಇಡಿ, ಅಂದರೆ 40ಕ್ಕೆ ಮುಗಿಯುವುದಾದರೆ 30. ಮೀಟರನ್ನು ಎ.ಸಿ. ವೋಲ್ಟ್‌ಗೆ ಇಟ್ಟು ಆಂಪ್‌ನ ಸ್ಪೀಕರ್ ಪಾಯಿಂಟಿಗೆ ಹಿಡಿದು, ಗೇನನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ನಮ್ಮ ಮನೆಯ ಕರೆಂಟೂ 50 ಹರ್ಟ್ಸೇ ಆದ್ದರಿಂದ ಅಗ್ಗದ ಮೀಟರ್ ಕೂಡ ಇಲ್ಲಿ ಸರಿಯಾಗಿ ತೋರಿಸುತ್ತದೆ. ಎಲ್ಲಿ ನಿಲ್ಲಿಸಬೇಕು? ಆಂಪ್ ಮತ್ತು ಸಬ್ ಎರಡರಲ್ಲಿ ಯಾವುದರ ಆರ್‌ಎಂಎಸ್ ಕಡಿಮೆಯೋ ಆ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 250 ಗುಣಿಸು 4 ಸಾವಿರ. ಅದರ ವರ್ಗಮೂಲ 31.6 ವೋಲ್ಟ್.

ನಿಮ್ಮ ಆಂಪ್‌ನಲ್ಲಿ ನಾನಾದರೆ 28ಕ್ಕೇ ನಿಲ್ಲಿಸುತ್ತೇನೆ. ಆಗ ಸುಮಾರು 200 ವ್ಯಾಟ್ ಸಿಗುತ್ತದೆ. 300ಕ್ಕೂ 200ಕ್ಕೂ ಕಿವಿಗೆ ತಿಳಿಯುವ ವ್ಯತ್ಯಾಸ ಎರಡು ಡೆಸಿಬೆಲ್‌ಗೂ ಕಡಿಮೆ. ಹಾಗಾಗಿ ಹೊಸ ಆಂಪ್ ಬೇಡ, ದೊಡ್ಡ ಸಬ್ಬೂ ಬೇಡ. ಸ್ಪೀಕರ್ ರಿಪೇರಿ ಮಾಡುವವರ ಹತ್ತಿರ ಕಾಯಿಲ್ ಬದಲಿಸಲು ಆಗುತ್ತದಾ ಕೇಳಿ. ಆಗದಿದ್ದರೆ ಅದೇ ಅಳತೆಯ ಸಬ್ ತಗೊಂಡು ಅದೇ ಬಾಕ್ಸಿನಲ್ಲಿ ಕೂರಿಸಿ, ಗೇನ್ ಮಾತ್ರ ನೀವೇ ನಿಂತು ಇಡಿಸಿ. ಮುಂದೆ ಆಂಪ್ ಬದಲಿಸುವ ಕಾಲ ಬಂದರೆ 4 ಓಮ್‌ನಲ್ಲಿ 300ರಿಂದ 350 ಆರ್‌ಎಂಎಸ್ ಕೊಡುವ ಕ್ಲಾಸ್ ಡಿ ಜಾತಿಯ ಮಾನೋ (ಒಂದೇ ಚಾನೆಲ್‌ನ) ಆಂಪ್ ತಗೊಳ್ಳಿ. ಸಬ್‌ಗಿಂತ ಆಂಪ್ ಸ್ವಲ್ಪ ದೊಡ್ಡದಿದ್ದು ಗೇನ್ ಹದದಲ್ಲಿದ್ದರೆ ಸಬ್‌ಗೆ ಅದರಷ್ಟು ಕ್ಷೇಮ ಬೇರೆ ಇಲ್ಲ.

ರಾಯಚೂರಿನಿಂದ:
ನನ್ನ ಸ್ಟೀರಿಯೋ ಮೇಲೆ 50 ವ್ಯಾಟ್ × 4 ಅಂತ ಇದೆ. ಒಟ್ಟು 200 ಆಯಿತಲ್ವಾ ಸರ್? ಸಬ್ಬನ್ನು ಅದಕ್ಕೇ ನೇರ ಕೊಟ್ಟರೆ ಆಂಪ್ ಖರ್ಚು ಉಳಿಯುತ್ತದೆ.

ಉತ್ತರ: ಆ 50 ಎಲ್ಲಿಂದ ಬಂತು ಹೇಳುತ್ತೇನೆ. ಹೆಚ್ಚಿನ ಸ್ಟೀರಿಯೋಗಳ ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇರುವುದಿಲ್ಲ, ಬ್ಯಾಟರಿಯ 14.4 ವೋಲ್ಟೇ ಅದರ ಬಂಡವಾಳ. 14.4ರ ವರ್ಗವನ್ನು 4 ಓಮ್‌ನಿಂದ ಭಾಗಿಸಿ. 51.8 ಬರುತ್ತದೆ. ಅದೇ 50 ವ್ಯಾಟ್. ಆದರೆ ಅದು ಪೂರ್ತಿ ಚೌಕವಾದ ಅಲೆಗೆ, ಅಂದರೆ ಈಗಷ್ಟೇ ಹೇಳಿದ ಕ್ಲಿಪ್ಪಿಂಗ್‌ಗೆ ಸಿಗುವ ಲೆಕ್ಕ. ದುಂಡು ಅಲೆಗೆ ಅದರ ಅರ್ಧ, ಅದರಲ್ಲೂ ಒಳಗಿನ ನಷ್ಟ ಕಳೆದರೆ ಒಂದು ಚಾನೆಲ್‌ಗೆ 15ರಿಂದ 20 ವ್ಯಾಟ್. ಬಾಗಿಲಿನ ಸ್ಪೀಕರಿಗೆ ಅದು ಸಾಕು. ಸಬ್‌ಗೆ ಸಾಲದು. ನಾಲ್ಕು ಚಾನೆಲ್ ಸೇರಿಸಿ ಒಂದಕ್ಕೆ ಕಟ್ಟಲು ಹೋಗಬೇಡಿ, ಒಳಗಿನ ಐಸಿ ಸುಡುತ್ತದೆ.

ಹುಬ್ಬಳ್ಳಿಯಿಂದ ಒಬ್ಬ ತಮ್ಮ:
ಅಣ್ಣಾರ, 10 ಇಂಚಿನ ಎರಡು ಸಬ್ ತಗೊಂಡೀನಿ. ಒಂದೊಂದೂ 300 ಆರ್‌ಎಂಎಸ್, ಒಂದೊಂದರಾಗೂ 4 ಓಮ್‌ದು ಎರಡೆರಡು ಕಾಯಿಲ್. ಮಾನೋ ಆಂಪ್ 4 ಓಮ್‌ಗೆ 350, 2 ಓಮ್‌ಗೆ 600 ವ್ಯಾಟ್. ಎರಡಕ್ಕಿಂತ ಕೆಳಗ ಹೋಗಬ್ಯಾಡ್ರಿ ಅಂತ ಬುಕ್ಕಿನಾಗ ಐತಿ. ಅಂಗಡಿಯವರು ಒಂದು ಓಮ್‌ಗೆ ಕಟ್ಟಿಕೊಡತೀನಿ, ಏನೂ ಆಗಂಗಿಲ್ಲ ಅಂತಾರ. ಏನ್ ಮಾಡ್ಲಿ?

ಉತ್ತರ: ತಮ್ಮಾ, ಆಗುತ್ತದೆ. ಬುಕ್ಕಿನಲ್ಲಿ ಬರೆದದ್ದೇ ಸರಿ. ಕಟ್ಟಿಸಬೇಡ.

ನಿನ್ನ ಹತ್ತಿರ ಒಟ್ಟು ನಾಲ್ಕು ಕಾಯಿಲ್ ಇವೆ, ಎಲ್ಲವೂ 4 ಓಮ್. ನಾಲ್ಕನ್ನೂ ಪ್ಯಾರಲಲ್ ಕಟ್ಟಿದರೆ, ಅಂದರೆ ಪ್ಲಸ್ ಎಲ್ಲ ಒಟ್ಟಿಗೆ, ಮೈನಸ್ ಎಲ್ಲ ಒಟ್ಟಿಗೆ, 1 ಓಮ್ ಆಗುತ್ತದೆ. ನಾಲ್ಕನ್ನೂ ಸರಪಳಿಯಂತೆ ಸೀರೀಸ್ ಕಟ್ಟಿದರೆ 16. ಪ್ರತಿ ಸಬ್‌ನ ಎರಡು ಕಾಯಿಲ್ ಸೀರೀಸ್ ಮಾಡಿ ತಲಾ 8 ಓಮ್ ಆದ ಮೇಲೆ, ಎರಡು ಸಬ್ಬನ್ನೂ ಪ್ಯಾರಲಲ್ ಸೇರಿಸಿದರೆ 4. ನಾಲ್ಕೂ ಕಾಯಿಲ್‌ಗೆ ಸಮ ಪಾಲು ಸಿಗಬೇಕಾದರೆ ಬರುವುದು ಈ ಮೂರೇ ಅಳತೆ. 2 ಓಮ್ ಬರುವುದೇ ಇಲ್ಲ. ನಿನ್ನ ಆಂಪ್ ಖುಷಿಯಾಗಿರುವುದು 2 ಓಮ್‌ನಲ್ಲಿ, ನಿನ್ನ ಸಬ್‌ಗಳು ಅದನ್ನು ಕೊಡಲಾರವು.

ಕೊಳ್ಳುವಾಗಲೇ 2 ಓಮ್‌ನ ಎರಡೆರಡು ಕಾಯಿಲ್ ಇರುವ ಸಬ್ ತಗೊಂಡಿದ್ದರೆ ಇದೇ ಸೀರೀಸ್-ಪ್ಯಾರಲಲ್ ಕಟ್ಟಿ ಸರಿಯಾಗಿ 2 ಓಮ್ ಬರುತ್ತಿತ್ತು. 600 ವ್ಯಾಟ್, ಒಂದೊಂದಕ್ಕೆ 300. ಹೇಳಿ ಮಾಡಿಸಿದ ಜೋಡಿ. ಡಬ್ಬ ಇನ್ನೂ ಹೊಸದಾಗಿದ್ದರೆ ಇವತ್ತೇ ಹೋಗಿ ಬದಲಿಸಿಕೊಡುತ್ತಾರಾ ಕೇಳು. ಅದೇ ಮಾಡೆಲ್ ಎರಡೂ ಓಮ್‌ನಲ್ಲಿ ಬರುವುದು ಸಾಮಾನ್ಯ.

ಬದಲಿಸದಿದ್ದರೆ 4 ಓಮ್‌ಗೆ ಕಟ್ಟು. 350 ವ್ಯಾಟ್ ಸಿಗುತ್ತದೆ, ಒಂದೊಂದಕ್ಕೆ 175. ಅಯ್ಯೋ ಅರ್ಧ ಹೋಯಿತಲ್ಲ ಅನ್ನಬೇಡ. 600 ಮತ್ತು 350ರ ನಡುವಿನ ವ್ಯತ್ಯಾಸ ಕಿವಿಯಲ್ಲಿ 2.3 ಡೆಸಿಬೆಲ್. ಪವರ್ ಎರಡು ಪಟ್ಟಾದರೆ ಏರುವುದೇ 3 ಡೆಸಿಬೆಲ್. ಸದ್ದು ಎರಡು ಪಟ್ಟಾಯಿತು ಅಂತ ಕಿವಿಗೆ ಅನಿಸಬೇಕಾದರೆ ಸುಮಾರು 10 ಬೇಕು, ಅಂದರೆ ಹತ್ತು ಪಟ್ಟು ಪವರ್. ಇದು ಗೊತ್ತಾದ ದಿನ ವ್ಯಾಟ್‌ನ ಹುಚ್ಚು ನನಗೆ ಅರ್ಧ ಇಳಿದಿತ್ತು.

ಒಂದು ಓಮ್‌ಗೆ ಕಟ್ಟಿದರೆ ಏನಾಗುತ್ತದೆ ಅಂತಲೂ ತಿಳಿದುಕೋ. ಓಮ್ ಅರ್ಧವಾದರೆ ಅದೇ ವೋಲ್ಟೇಜಿಗೆ ಕರೆಂಟ್ ಎರಡು ಪಟ್ಟು ಹರಿಯುತ್ತದೆ. ಮೊದಲು ಆಂಪ್ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಆಮೇಲೆ ಪ್ರೊಟೆಕ್ಷನ್ ದೀಪ ಹತ್ತಿ ಆಫ್ ಆಗುತ್ತದೆ. ಜನ ಐದು ನಿಮಿಷ ಬಿಟ್ಟು ಮತ್ತೆ ಹಾಕುತ್ತಾರೆ. ಹೀಗೆ ಒಂದು ದಿನ ಒಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆಗುತ್ತದೆ. ಆ ಹೊತ್ತಿಗೆ ಗ್ಯಾರಂಟಿ ಕೇಳಲು ಹೋದರೆ ತಪ್ಪು ಓಮ್ ಅಂತ ವಾಪಸ್ ಕಳಿಸುತ್ತಾರೆ.

ಕಟ್ಟಿದ ಮೇಲೆ, ಆಂಪ್‌ಗೆ ಸೇರಿಸುವ ಮುಂಚೆ, ಮೀಟರ್ ಇಟ್ಟು ಅಳೆ. 4 ಓಮ್ ಜಾಗದಲ್ಲಿ 3.4, 3.6 ತೋರಿಸಿದರೆ ಗಾಬರಿ ಬೇಡ, ಕಾಯಿಲ್ ತಂತಿಯ ರೋಧ ಹಾಗೇ ಸ್ವಲ್ಪ ಕಡಿಮೆ ಬರುತ್ತದೆ. ಒಂದಕ್ಕಿಂತ ಕೆಳಗೆ ತೋರಿಸಿದರೆ ಮಾತ್ರ ಎಲ್ಲೋ ತಪ್ಪಿ ಪ್ಯಾರಲಲ್ ಆಗಿದೆ. ಮತ್ತೆ, ಒಂದೇ ಕಾಯಿಲ್‌ಗೆ ವೈರ್ ಕೊಟ್ಟು ಇನ್ನೊಂದನ್ನು ಸುಮ್ನೆ ಬಿಡುವ ಉಪಾಯವನ್ನೂ ಯಾರಾದರೂ ಹೇಳಬಹುದು. ಬೇಡ. ತಡೆಯುವ ಪವರ್ ಅರ್ಧವಾಗುತ್ತದೆ, ಬೇಸಿನ ಹದವೂ ಕೆಡುತ್ತದೆ.

ಮಂಗಳೂರಿನಿಂದ:
ಆಂಪ್ ಹಾಕಿದ ಮೇಲೆ ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ 'ಕುಂಯ್' ಅಂತ ಏರುವ ಸದ್ದು.

ಉತ್ತರ: ಅದು ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಸದ್ದು. ಮೊದಲು ಆಂಪ್‌ನ ಅರ್ಥ್ (ಕಾರಿನ ಬಾಡಿಯ ಲೋಹಕ್ಕೆ ಸೇರುವ ಮೈನಸ್ ವೈರ್) ನೋಡಿ. ಪೇಂಟ್ ಕೆರೆದು, ಹೊಳೆಯುವ ಲೋಹದ ಮೇಲೆ ಬೋಲ್ಟ್ ಬಿಗಿದಿರಬೇಕು, ವೈರ್ ಒಂದೂವರೆ ಅಡಿ ಮೀರಬಾರದು. ನಿಮ್ಮ ಊರಿನ ಉಪ್ಪು ಗಾಳಿಗೆ ಕೆರೆದ ಜಾಗ ಬೇಗ ತುಕ್ಕು ಹಿಡಿಯುತ್ತದೆ. ಬಿಗಿದ ಮೇಲೆ ಗ್ರೀಸ್ ಸವರಿ. ಆಮೇಲೆ ಪವರ್ ಕೇಬಲ್ ಮತ್ತು ಸ್ಟೀರಿಯೋದಿಂದ ಸಿಗ್ನಲ್ ತರುವ ಆರ್‌ಸಿಎ ವೈರ್ ಒಂದೇ ಬದಿಯಲ್ಲಿ ಬಂದಿವೆಯಾ ನೋಡಿ. ಬಂದಿದ್ದರೆ ಒಂದನ್ನು ಆಚೆ ಬದಿಗೆ ಹಾಕಿಸಿ.

ಶಿವಮೊಗ್ಗದಿಂದ:
ನಮಸ್ಕಾರ. 500 ವ್ಯಾಟ್ ಆರ್‌ಎಂಎಸ್ ಮಾನೋ ಆಂಪ್ ಹಾಕಿಸಿದ್ದೇನೆ, ಕೇಬಲ್ 4 ಗೇಜ್. ರಾತ್ರಿ ಪ್ರತಿ ಬೀಟ್‌ಗೂ ಹೆಡ್‌ಲೈಟ್ ಮಂಕಾಗುತ್ತದೆ. ಒಂದು ಫ್ಯಾರಡ್ ಕೆಪಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ಕೂಡಿಡುವ ಭಾಗ) ಹಾಕಿದರೆ ಸರಿಹೋಗುತ್ತದೆ ಅಂದರು, ಹಾಕಿಸಿದೆ. ಏನೂ ಬದಲಾಗಲಿಲ್ಲ.

ಉತ್ತರ: ಬದಲಾಗದು. ಲೆಕ್ಕ ಹಾಕಿ ನೋಡೋಣ. ಒಂದು ಫ್ಯಾರಡ್ ಕೆಪಾಸಿಟರ್ 14.4 ವೋಲ್ಟಿನಿಂದ 12.4ಕ್ಕೆ ಇಳಿಯುವಾಗ ಕೊಡುವ ಶಕ್ತಿ ಸುಮಾರು 27 ಜೂಲ್. ನಿಮ್ಮ ಆಂಪ್ ಪೂರ್ತಿ ದುಡಿಯುವಾಗ ಎಳೆಯುವುದು 600 ವ್ಯಾಟ್‌ಗಿಂತ ಮೇಲೆ. ಅಂದರೆ ಆ ಕೆಪಾಸಿಟರ್ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಬಾಳುವುದಿಲ್ಲ. ಆಮೇಲೆ ಅದೂ ಬ್ಯಾಟರಿಯಿಂದಲೇ ತುಂಬಿಕೊಳ್ಳಬೇಕು. ನೀವು ಕೊಟ್ಟ ದುಡ್ಡು ಕೇಬಲ್‌ಗೆ ಹೋಗಬೇಕಾಗಿತ್ತು.

ಕ್ಲಾಸ್ ಡಿ ಆಂಪ್ 80 ಪರ್ಸೆಂಟ್ ದಕ್ಷತೆಯದು ಅಂದುಕೊಳ್ಳಿ. 500 ವ್ಯಾಟ್ ಕೊಡಲು 625 ಎಳೆಯುತ್ತದೆ, 45 ಆಂಪಿಯರ್. ಹಾಡು ಒಂದೇ ಸಮ ಅಷ್ಟು ಎಳೆಯುವುದಿಲ್ಲ, ಬೀಟ್ ಬಂದಾಗ ಮಾತ್ರ. ಆದರೆ ಆ ಕ್ಷಣಕ್ಕೆ ದಾರಿ ಅಗಲ ಇರಬೇಕು. ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 35 ಆಂಪಿಯರ್-ಅವರ್ ಬ್ಯಾಟರಿ. ಅದು ಹಳೆಯದಾಗಿದ್ದರೆ ಮೊದಲು ಅದನ್ನೇ ಟೆಸ್ಟ್ ಮಾಡಿಸಿ.

ಈಗ ಕೇಬಲ್. ನಿಮ್ಮದು 4 ಗೇಜ್ ಅಂತ ಬರೆದಿದ್ದೀರಿ. ಗೇಜ್ ತಂತಿಯ ದಪ್ಪದ ಅಳತೆ, ನಂಬರ್ ಕಡಿಮೆಯಾದಷ್ಟೂ ತಂತಿ ದಪ್ಪ. ತುದಿಯ ಒಂದು ಎಳೆ ತೆಗೆದು ಚಾಕುವಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರದ ಲೇಪ. ಅಗ್ಗದ ಕಿಟ್‌ಗಳಲ್ಲಿ ಬರುವುದು ಹೆಚ್ಚಾಗಿ ಇದೇ. ಅದು ಕೆಲಸಕ್ಕೇ ಬಾರದು ಅಂತಲ್ಲ, ಆದರೆ ಒಂದು ಸೈಜ್ ದಪ್ಪ ಹಾಕಬೇಕು. ಕೆಲವು ಕಿಟ್‌ಗಳಲ್ಲಿ ಹೊರಗಿನ ಪ್ಲಾಸ್ಟಿಕ್ ದಪ್ಪ, ಒಳಗೆ ತಂತಿ 8 ಗೇಜ್‌ನಷ್ಟೂ ಇರುವುದಿಲ್ಲ. 4 ಗೇಜ್ ಅಂದರೆ 21 ಚದರ ಮಿಲಿಮೀಟರ್ ಲೋಹ ಇರಬೇಕು. ಕತ್ತರಿಸಿದ ತುದಿ ನೋಡಿಯೇ ದುಡ್ಡು ಕೊಡಿ.

ಆಮೇಲೆ ಹೀಗೆ ಅಳೆಯಿರಿ. ಎಂಜಿನ್ ಓಡುತ್ತಿರಲಿ, ಬೇಸ್ ಇರುವ ಹಾಡು ಜೋರಾಗಿ ಬರಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಉದ್ದ ವೈರ್ ಸೇರಿಸಿ ಆಂಪ್ ಮೈನಸ್‌ಗೆ. ಕಾಲು ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೆಟ್ಟದಾಗಿದೆ. ನನ್ನ ಬಳಿ ಬಂದ ಮಂಕು ಲೈಟಿನ ಕಾರುಗಳಲ್ಲಿ ತುಂಬಾ ಸಲ ಸಿಕ್ಕಿದ್ದು ಇದೇ, ಸೀಟ್ ಬೆಲ್ಟ್ ಬೋಲ್ಟಿಗೆ ಪೇಂಟ್ ಮೇಲೆಯೇ ಸುತ್ತಿದ ಅರ್ಥ್. ಆ ಬೋಲ್ಟ್ ಜೀವ ಕಾಯುವಂಥದ್ದು, ಅದನ್ನು ಯಾರೂ ಬಿಚ್ಚಲೇಬಾರದು.

ಅರ್ಥ್ ಸರಿ ಇದ್ದರೂ ಲೈಟ್ ಮಂಕಾದರೆ ಬಾನೆಟ್ ಒಳಗಿನ ಮೂರು ಕೇಬಲ್ ದಪ್ಪ ಮಾಡಿಸಿ: ಆಲ್ಟರ್ನೇಟರಿನಿಂದ ಬ್ಯಾಟರಿ ಪ್ಲಸ್‌ಗೆ, ಬ್ಯಾಟರಿ ಮೈನಸ್‌ನಿಂದ ಕಾರಿನ ಬಾಡಿಯ ಲೋಹಕ್ಕೆ, ಎಂಜಿನ್‌ನಿಂದ ಬಾಡಿಯ ಲೋಹಕ್ಕೆ. ಆಲ್ಟರ್ನೇಟರ್ ಕೇಬಲ್‌ಗೆ ಫ್ಯೂಸ್ ಇರಲಿ. ಹೊಸ ಕಾರುಗಳಲ್ಲಿ ಬ್ಯಾಟರಿ ಮೈನಸ್ ಮೇಲೆ ಕರೆಂಟ್ ಅಳೆಯುವ ಸಣ್ಣ ಸೆನ್ಸರ್ ಕೂತಿರುತ್ತದೆ. ಅದನ್ನು ದಾಟಿಸಿ ನೇರ ಬ್ಯಾಟರಿಯ ಮೈನಸ್ ಕಂಬಕ್ಕೆ ಅರ್ಥ್ ಹಾಕಬೇಡಿ, ಕಾರಿನ ಬಾಡಿಯ ಲೋಹಕ್ಕೆ ಹಾಕಿ. ಇಲ್ಲದಿದ್ದರೆ ಕಾರಿನ ಕಂಪ್ಯೂಟರಿಗೆ ಬ್ಯಾಟರಿಯ ಲೆಕ್ಕ ತಪ್ಪುತ್ತದೆ.

ಒಂದು ವಿಷಯ ನೀವು ಬರೆದಿಲ್ಲ. ಬ್ಯಾಟರಿಯ ಹತ್ತಿರ, ಒಂದೂವರೆ ಅಡಿಯೊಳಗೆ, ಫ್ಯೂಸ್ ಇದೆ ತಾನೇ? ಆಂಪ್ ಮೇಲಿನ ಫ್ಯೂಸ್ ಆಂಪ್‌ಗೆ, ಬ್ಯಾಟರಿ ಹತ್ತಿರದ್ದು ಕೇಬಲ್‌ಗೆ. ಬಾನೆಟ್‌ನಿಂದ ಡಿಕ್ಕಿಯವರೆಗಿನ ಕೇಬಲ್ ಎಲ್ಲಾದರೂ ಉಜ್ಜಿ ಬಾಡಿಯ ಲೋಹಕ್ಕೆ ತಾಗಿದರೆ ಆ ಒಂದು ಫ್ಯೂಸ್ ಬಿಟ್ಟು ಬೆಂಕಿಗೆ ಬೇರೆ ತಡೆ ಇಲ್ಲ. ಈ ಪತ್ರಿಕೆ ಕೆಳಗಿಟ್ಟು ಈಗಲೇ ಹೋಗಿ ನೋಡಿ. ಇಲ್ಲದಿದ್ದರೆ ಇವತ್ತೇ ಕೇಬಲ್ ಬಿಚ್ಚಿಡಿ.

ತುಮಕೂರಿನಿಂದ ಒಬ್ಬ ಶಿಕ್ಷಕಿ:
ನನ್ನದು ಸಿಎನ್‌ಜಿ ವ್ಯಾಗನ್ ಆರ್. ಡಿಕ್ಕಿಯಲ್ಲಿ ಸಿಲಿಂಡರ್ ಇದೆ. ಕಂಪನಿ ಸ್ಟೀರಿಯೋ ಬದಲಿಸಲು ಇಷ್ಟವಿಲ್ಲ. ಸ್ವಲ್ಪ ತುಂಬಿದ ದನಿ ಬೇಕು ಅಷ್ಟೇ.

ಉತ್ತರ: ಟೀಚರ್, ನಿಮಗೆ ಸೀಟಿನ ಕೆಳಗೆ ಕೂರುವ 8 ಇಂಚಿನ ಸಬ್ ಸರಿಯಾದದ್ದು. ಆಂಪ್ ಅದರೊಳಗೇ ಇರುತ್ತದೆ, ಹಾಗಾಗಿ ಓಮ್, ವ್ಯಾಟ್ ಹೊಂದಿಸುವ ಚಿಂತೆ ಇಲ್ಲ, ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. 100ರಿಂದ 150 ಆರ್‌ಎಂಎಸ್ ಇರುವುದನ್ನು ನೋಡಿ. ತಗೊಳ್ಳುವ ಮುಂಚೆ ಸೀಟನ್ನು ಹಿಂದೆ ಮುಂದೆ ಸರಿಸಿ ಕೆಳಗಿನ ಎತ್ತರ ಅಳೆಯಿರಿ. 'ಹೈ ಲೆವೆಲ್ ಇನ್‌ಪುಟ್' ಇರಬೇಕು. ಆಗ ಕಂಪನಿ ಸ್ಟೀರಿಯೋದ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ಸಿಗುತ್ತದೆ. ವೈರ್ ಕತ್ತರಿಸದೆ ಕಪ್ಲರ್ (ಜೋಡಿಸುವ ಪ್ಲಗ್) ಹಾಕಿ ಕೊಡಿ ಅನ್ನಿ, ವಾರಂಟಿಯ ತಕರಾರು ಕಡಿಮೆ. ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಸಬ್ ಬಿಗಿಯಲು ಕಾರಿನ ತಳಕ್ಕೆ ಸ್ಕ್ರೂ ಹೊಡೆಯಲು ಬಿಡಬೇಡಿ. ಗ್ಯಾಸ್ ಪೈಪ್ ಕೆಳಗೆ ಹಾದುಹೋಗಿರುತ್ತದೆ. ಕಾರ್ಪೆಟ್ ಮೇಲೆ ವೆಲ್ಕ್ರೋ ಪಟ್ಟಿ, ಸೀಟಿನ ಚೌಕಟ್ಟಿಗೆ ಬೆಲ್ಟ್, ಅಷ್ಟು ಸಾಕು.

ಬೆಂಗಳೂರು ವೈಟ್‌ಫೀಲ್ಡ್‌ನಿಂದ:
ನೆಕ್ಸಾನ್ ಇವಿಗೆ ಸಬ್ ಹಾಕಿದರೆ ರೇಂಜ್ ಕಡಿಮೆಯಾಗುತ್ತಾ?

ಉತ್ತರ: ಗಮನಕ್ಕೆ ಬರುವಷ್ಟಲ್ಲ. 300 ವ್ಯಾಟ್ ಆಂಪ್ ಹಾಡು ಹಾಡುವಾಗ ಸರಾಸರಿ ನೂರು ವ್ಯಾಟ್ ಆಸುಪಾಸು ಎಳೆಯುತ್ತದೆ. ಕಾರು ಓಡಲು ಬೇಕಾಗುವುದು ಸಾವಿರಾರು ವ್ಯಾಟ್. ಆಂಪ್‌ಗೆ ಕರೆಂಟ್ 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದಲೇ ತೆಗೆಯಬೇಕು. ಕಿತ್ತಳೆ ಬಣ್ಣದ ಕೇಬಲ್ ಹೈ ವೋಲ್ಟೇಜಿನದು, ಅದರ ಹತ್ತಿರವೂ ಫಿಟ್ಟರ್ ಕೈ ಹೋಗಬಾರದು. ಇವಿ ಕೆಲಸ ಮಾಡಿ ಗೊತ್ತಿಲ್ಲದವರಿಗೆ ಕಾರು ಕೊಡಬೇಡಿ.

ಮೈಸೂರಿನಿಂದ ಒಬ್ಬ ತಾಯಿ:
ಮಗ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವಾಗ ಇಡೀ ಬೀದಿಗೆ ಗುಂ ಗುಂ ಕೇಳಿಸುತ್ತದೆ. ಪಕ್ಕದ ಮನೆಯವರು ಎರಡು ಸಲ ಹೇಳಿದರು. ಕಾರೊಳಗೆ ಅಷ್ಟೇನಿಲ್ಲ ಅಂತಾನೆ.

ಉತ್ತರ: ಅಮ್ಮಾ, ಅವನು ಸುಳ್ಳು ಹೇಳುತ್ತಿಲ್ಲ, ನಿಮ್ಮ ನೆರೆಯವರೂ ಹೇಳುತ್ತಿಲ್ಲ. 40 ಹರ್ಟ್ಸ್ ಬೇಸಿನ ಒಂದು ಅಲೆ ಎಂಟೂವರೆ ಮೀಟರ್ ಉದ್ದ. ಅದಕ್ಕೆ ಕಾರಿನ ಬಾಗಿಲೂ, ಮನೆಯ ಕಿಟಕಿಯೂ ಗೋಡೆಯಾಗುವುದಿಲ್ಲ. ಹಾಡು ಒಳಗೇ ಉಳಿದು ಬೇಸ್ ಮಾತ್ರ ಬೀದಿಗೆ ಬರುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಅವನ ಆಂಪ್‌ಗೆ ಬೇಸ್ ನಾಬ್ ಇದ್ದೀತು, ವೈರ್ ಮೂಲಕ ಡ್ಯಾಶ್‌ಬೋರ್ಡ್ ಕೆಳಗೆ ಬರುವಂಥದ್ದು. ಬೀದಿಯ ತಿರುವಿನಲ್ಲಿ ಅದನ್ನು ಪೂರ್ತಿ ಇಳಿಸುವ ಅಭ್ಯಾಸ ಮಾಡಿಕೊಳ್ಳಲಿ. ಕಿವಿಯ ವಿಷಯವನ್ನೂ ಹೇಳಿ. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ತಡೆಯಬಹುದು, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದರೆ ಆ ಹೊತ್ತು ಅರ್ಧರ್ಧವಾಗುತ್ತಾ ಹೋಗುತ್ತದೆ. ನನ್ನ ಜೊತೆ ಕೆಲಸ ಕಲಿತ ಇಬ್ಬರಿಗೆ ಈಗ ಕಿವಿಯಲ್ಲಿ ಸದಾ ಸಣ್ಣ ಶಿಳ್ಳೆ. ಅದು ಹೋಗುವುದಿಲ್ಲ.

ಉಡುಪಿಯಿಂದ:
ನಾನು ಕಾರಿನಲ್ಲಿ ಕೇಳುವುದು ಹೆಚ್ಚಾಗಿ ಯಕ್ಷಗಾನ. ಚೆಂಡೆಯ ಪೆಟ್ಟು ಎದೆಗೆ ಬರಬೇಕು ಅಂತ ಆಸೆ. 12 ಇಂಚಿನ ಪೋರ್ಟೆಡ್ (ಗಾಳಿ ಹೋಗಲು ಕೊಳವೆ ಇರುವ) ಬಾಕ್ಸ್, 600 ವ್ಯಾಟ್ ಆಂಪ್ ಹೇಳಿದ್ದಾರೆ. ತೆಗೆದುಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಆದರೆ ಆ ಬಾಕ್ಸ್ ತೆಗೆದುಕೊಳ್ಳಬೇಡಿ.

ಸಬ್ ಕೆಲಸ ಮಾಡುವುದು 80 ಹರ್ಟ್ಸಿನ ಕೆಳಗೆ. ಚೆಂಡೆಯ ಚುರುಕು, ಕಡ್ಡಿ ಚರ್ಮಕ್ಕೆ ತಾಗುವ ಆ ಬಿರುಸು, ಎಲ್ಲ ಅದಕ್ಕಿಂತ ತುಂಬಾ ಮೇಲಿದೆ. ಅದನ್ನು ಕೊಡಬೇಕಾದ್ದು ನಿಮ್ಮ ಬಾಗಿಲಿನ ಸ್ಪೀಕರ್. ಮದ್ದಳೆಯ ಗುಂಕಾರಕ್ಕೆ ಮಾತ್ರ ಸ್ವಲ್ಪ ತಳ ಬೇಕು. ಪೋರ್ಟೆಡ್ ಬಾಕ್ಸ್ ತನ್ನ ಟ್ಯೂನಿಂಗ್ ಹತ್ತಿರದ ಸ್ವರಗಳನ್ನು ಎತ್ತಿ ಹಿಡಿಯುತ್ತದೆ, ಸದ್ದು ನಿಲ್ಲುವುದು ಸ್ವಲ್ಪ ತಡ. ಸಿನಿಮಾ ಹಾಡಿಗೆ ಅದು ಮಜಾ. ಬಿಡಿಬಿಡಿಯಾಗಿ ಬೀಳುವ ಪೆಟ್ಟಿಗೆ ಅದು ಬಾಲ ಅಂಟಿಸಿದ ಹಾಗೆ ಕೇಳುತ್ತದೆ.

ನಿಮ್ಮ ಬಜೆಟ್ ನಾನಾದರೆ ಹೀಗೆ ಹಂಚುತ್ತೇನೆ. ಒಂದೊಂದು ಚಾನೆಲ್‌ಗೆ 70, 80 ಆರ್‌ಎಂಎಸ್ ಕೊಡುವ ಒಂದು ನಾಲ್ಕು ಚಾನೆಲ್ ಆಂಪ್. ಮುಂದಿನ ಎರಡು ಚಾನೆಲ್ ಮುಂದಿನ ಬಾಗಿಲಿನ ಒಳ್ಳೆಯ ಕಾಂಪೊನೆಂಟ್ ಸ್ಪೀಕರಿಗೆ, ಅಂದರೆ ಟ್ವೀಟರ್ (ತಾರ ಸ್ವರದ ಚಿಕ್ಕ ಸ್ಪೀಕರ್) ಬೇರೆಯಾಗಿ ಬರುವಂಥದ್ದಕ್ಕೆ. ಹಿಂದಿನ ಎರಡು ಬ್ರಿಜ್ ಮಾಡಿ, ಸೀಲ್ಡ್ (ಪೂರ್ತಿ ಮುಚ್ಚಿದ) ಬಾಕ್ಸಿನಲ್ಲಿ ಕೂರಿಸಿದ 10 ಇಂಚಿನ ಒಂದು ಸಬ್‌ಗೆ. ಸೀಲ್ಡ್ ಬಾಕ್ಸ್ ಮುಕ್ಕಾಲು ಘನ ಅಡಿ ಸಾಕಾಗುತ್ತದೆ, ಸಬ್ ಜೊತೆ ಬರುವ ಕಾಗದದಲ್ಲಿ ಅವರೇ ಅಳತೆ ಕೊಟ್ಟಿರುತ್ತಾರೆ. ಇಲ್ಲಿ ಓಮ್ ಮರೆಯಬೇಡಿ. ಬ್ರಿಜ್ ಮಾಡಿದಾಗ ಒಂದೊಂದು ಚಾನೆಲ್‌ಗೂ ಸಬ್‌ನ ಓಮ್ ಅರ್ಧವಾಗಿ ಕಾಣುತ್ತದೆ. ಹಾಗಾಗಿ 4 ಓಮ್‌ನ ಸಬ್ಬೇ ಆಗಬೇಕು, 2 ಓಮ್‌ನದು ಆಗದು. ಇಂಥ ಆಂಪ್ ಬ್ರಿಜ್‌ನಲ್ಲಿ 200 ವ್ಯಾಟ್ ಸುತ್ತಮುತ್ತ ಕೊಡುತ್ತದೆ. ಸಬ್ಬೂ 200, 250 ಆರ್‌ಎಂಎಸ್‌ನದಿರಲಿ.

ಉಳಿದ ದುಡ್ಡಿನಲ್ಲಿ ಬಾಗಿಲಿನ ಒಳತಗಡಿಗೆ ಡ್ಯಾಂಪಿಂಗ್ ಶೀಟ್ ಹಾಕಿಸಿ. ತೆಳು ತಗಡು ತಾನೂ ಕಂಪಿಸಿ ಸ್ಪೀಕರಿನ ಪೆಟ್ಟನ್ನು ಮಸುಕು ಮಾಡುತ್ತದೆ. ಸ್ವರಗಳನ್ನು ಹಂಚುವ ಕ್ರಾಸ್‌ಓವರನ್ನು 80 ಹರ್ಟ್ಸಿಗೆ ಇಡಿ, ಬಾಗಿಲಿಗೆ ಅದರ ಮೇಲಿನದು, ಸಬ್‌ಗೆ ಅದರ ಕೆಳಗಿನದು. ಆಂಪ್ ಮೇಲೆ ಫೇಸ್ ಸ್ವಿಚ್ ಇದ್ದರೆ ಒಂದು ಸಲ 0, ಒಂದು ಸಲ 180 ಮಾಡಿ. ಮದ್ದಳೆ ಯಾವುದರಲ್ಲಿ ಡಿಕ್ಕಿಯಿಂದ ಬಿಟ್ಟು ಮುಂದೆ, ಚೆಂಡೆಯ ಪಕ್ಕ ಬಂದು ನಿಲ್ಲುತ್ತದೋ ಅಲ್ಲಿ ಬಿಡಿ. ಹಾಕಿಸಿದ ಮೇಲೆ ನಿಮಗೆ ತುಂಬಾ ಪರಿಚಯವಿರುವ ಒಂದು ಪ್ರಸಂಗ ಹಾಕಿ, ಕಣ್ಣು ಮುಚ್ಚಿ ಕೇಳಿ. ಭಾಗವತರ ದನಿ ಕನ್ನಡಿಯ ಎದುರು, ಎದೆಯ ಮಟ್ಟಕ್ಕಿಂತ ಮೇಲೆ ಕೇಳುತ್ತಿದ್ದರೆ ಫಿಟ್ಟರಿಗೆ ದುಡ್ಡು ಕೊಡಿ. ಕಾಲಿನ ಹತ್ತಿರ ಕೇಳಿದರೆ ಟ್ವೀಟರ್ ಜಾಗ ಬದಲಿಸಿ ಕೊಡಿ ಅನ್ನಿ.